ಮೋಟಾರಿನ ಕಡೆ ಸೇರಿದ ದೇವರು

ಮಧುಗಿರಿ
12ನೇ ಫೆಬ್ರವರಿ 1934

ನನ್ನ ಮಗಳು ಸುಗುಣಮಣಿಗೆ ನಿನ್ನ ತಾಯಿ ಕರ್ತನ ಹೆಸರಿನಲ್ಲಿ ಮಾಡುವ ಆಶೀರ್ವಾದಗಳು. ಮೊಮ್ಮಗನ ಎರಡು ಕೆನ್ನೆಗೂ ಮುತ್ತು. ಅಳಿಯಂದಿರ ಕೆಮ್ಮು ವಾಸಿಯಾಗಿರಬೇಕು.

ಮಗುವಿನ ದೀಕ್ಷಾಸ್ನಾನಕ್ಕೆ ಅಪ್ಪ ಚರ್ಚಿನೊಳಗೆ ಕಾಲಿಡದಿದ್ದರೆ ಸಿರಾದಿಂದ ಬರುವುದೇ ಇಲ್ಲ ಎಂದು ನೀನು ಬರೆದದ್ದು ಓದಿ ನನ್ನ ಹೊಟ್ಟೆ ಉರಿಯಿತು. ಅಪ್ಪ ಚರ್ಚು ಬಿಟ್ಟ ಸುದ್ದಿ ನಿನಗೆ ಮುಟ್ಟಿಸಿದವಳು ಪಕ್ಕದ ಮನೆ ಗಂಗಲಕ್ಷ್ಮಮ್ಮ ತಾನೆ? ಅವಳ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಇರಲಿ, ನಡೆದದ್ದನ್ನು ನಾನೇ ಹೇಳುತ್ತೇನೆ.

ನಮ್ಮ ಎತ್ತಿನ ಗಾಡಿಗೆ ಬಾಡಿಗೆ ಚೆನ್ನಾಗಿ ಬರುತ್ತಿದ್ದ ಕಾಲದಲ್ಲಿ ನಿಮ್ಮಪ್ಪನ ಊಟದ ಪ್ರಾರ್ಥನೆ ನೆನಪಿದೆಯಲ್ಲ? ಎತ್ತುಗಳಿಗೊಂದು ಸ್ತೋತ್ರ, ಚಕ್ರಕ್ಕೊಂದು ಸ್ತೋತ್ರ, ಗೌರಿಬಿದನೂರು ಸ್ಟೇಷನ್ನಿಗೆ ಹತ್ತಿದ ಒಬ್ಬೊಬ್ಬರ ಹೆಸರಿಗೂ ಒಂದೊಂದು. ಅಷ್ಟರಲ್ಲಿ ಮುದ್ದೆ ಕಲ್ಲಾಗುತ್ತಿತ್ತು. ಯಜಮಾನ ಆಮೆನ್ ಅನ್ನುವ ತನಕ ನಮ್ಮ ಮನೆಯಲ್ಲಿ ಯಾರೂ ತುತ್ತು ಮುರಿಯುವ ಹಾಗಿಲ್ಲವಲ್ಲ. ನೀನು ಒಂದು ಕಣ್ಣು ತೆರೆದು ಸಾರಿನ ಕಡೆ ನೋಡುತ್ತಿದ್ದೆ.

ಊರಿಗೆ ಮೋಟಾರು ಬಸ್ಸು ಬಂತು, ನಮ್ಮ ಬಾಡಿಗೆ ಹೋಯಿತು. ಅದಕ್ಕೂ ಅವರು ದೇವರ ಮೇಲೆ ಮುನಿದಿರಲಿಲ್ಲ. ಕ್ರಿಸ್‌ಮಸ್ ಆದ ಮೇಲೆ ಕೊರಟಗೆರೆ ಕಡೆಯಿಂದ ಒಬ್ಬ ಉಪದೇಶಿಗಳು ಬಂದು, ಸುಖದಲ್ಲೂ ಕಷ್ಟದಲ್ಲೂ ದೇವರನ್ನು ಒಂದೇ ಸಮ ನಂಬಬೇಕೆಂದು ಪ್ರಸಂಗ ಮಾಡಿದರು. ನಿಮ್ಮಪ್ಪ ನಡುವೆ ಎದ್ದು ನಿಂತು, ತಾವು ಬಂದದ್ದು ಯಾವುದರಲ್ಲಿ ಎಂದು ಕೇಳಿಬಿಟ್ಟರು. ಪಾಪ, ಅವರು ಸುಳ್ಳು ಹೇಳುವವರಲ್ಲ, ಮೋಟಾರಿನಲ್ಲಿ ಎಂದರು. "ಅಂಗಾರೆ ದೇವ್ರೂ ಮೋಟಾರ್ ಕಡೀಕೇ ಸೇರ್ಕೊಂಡವ್ನೆ," ಎಂದು ನಿಮ್ಮಪ್ಪ ಟವಲು ಕೊಡವಿ ಹೊರಟೇಹೋದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಅಂದಿನಿಂದ ಮನೆಯಲ್ಲೂ ಪ್ರಾರ್ಥನೆ ಬಂದ್. ಮುದ್ದೆ ಮುಂದಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡುವುದು. ಆ ಮುಖವನ್ನು ಎಷ್ಟು ಹೊತ್ತು ಅಂತ ನೋಡಲಿ? ಕೊನೆಗೆ ನಾನೇ ಗಟ್ಟಿಯಾಗಿ ಶುರುಮಾಡಿದೆ. ನಿಮ್ಮಪ್ಪನ ತಪ್ಪು ಒಂದನ್ನೂ ಕರ್ತನಿಂದ ಮುಚ್ಚಿಡಲಿಲ್ಲ. ಹಿತ್ತಲ ಗೋಡೆ ಬಿದ್ದರೂ ಏಳದ ಮೈಗಳ್ಳತನ, ಬೈಬಲ್ಲಿನ ಹಿಂದೆ ಬಚ್ಚಿಟ್ಟ ನಶ್ಯದ ಡಬ್ಬಿ, ಮೋಟಾರು ಡ್ರೈವರನ ವಂಶಕ್ಕೆಲ್ಲ ಹಾಕಿದ ಶಾಪ, ಎಲ್ಲವನ್ನೂ ಒಪ್ಪಿಸಿದೆ. ದೇವರ ಹತ್ತಿರವೇ ಚಾಡಿ ಹೇಳುತ್ತೀಯಾ ಎಂದು ಹಲ್ಲು ಕಡಿದರೇ ಹೊರತು ಸ್ತೋತ್ರಕ್ಕೆ ಬಾಯಿ ಬಿಡಲಿಲ್ಲ. ನಾನೂ ಒಂದು ದಿನವೂ ಬಿಡಲಿಲ್ಲ. ನಗಬೇಡ ಸುಗುಣ, ಒಳಗೊಳಗೇ ನನಗೆ ಭಯವಾಗಿತ್ತು. ಈ ಮನುಷ್ಯ ಇನ್ನು ದೇವರ ಕಡೆ ತಿರುಗುವುದೇ ಇಲ್ಲವೇನೋ, ಮೊಮ್ಮಗನನ್ನು ಎತ್ತಿಕೊಂಡು ನಿಲ್ಲುವುದಕ್ಕೆ ತಾತನೇ ಇರುವುದಿಲ್ಲವೇನೋ ಎಂದು.

ಹೋದ ಮಂಗಳವಾರ ಮಧ್ಯಾಹ್ನ ಗಡಿಗೆ ಇಳಿಸಿ ಕುಳಿತೆ. ನಿಮ್ಮಪ್ಪ ಚಾಡಿ ಕೇಳಲು ಸಿದ್ಧರಾಗಿ ಕಣ್ಣು ಮುಚ್ಚಿದರು. ಅವತ್ತು ನನಗೆ ಮಾತೇ ಹೊರಡಲಿಲ್ಲ, ಅಳು ಬಂತು. ಮದುವೆಯಾದಾಗಿನಿಂದ ನಾನು ಸುಮ್ಮನಿದ್ದದ್ದನ್ನು ಅವರು ಕಂಡವರಲ್ಲ, ಗಾಬರಿಯಾದರು. ಏನಾಯಿತೆಂದು ಎರಡು ಸಲ ಕೇಳಿ, ಆಮೇಲೆ ತಾವೇ ಕೈಮುಗಿದರು.

"ಕರ್ತನೇ, ನಿನ್ ಮ್ಯಾಲಿನ ಸಿಟ್ಟು ಇನ್ನೂ ಓಗಿಲ್ಲ. ಆದ್ರೆ ಇವ್ಳೂ ಸುಮ್ಕೆ ಕುಂತ್ಬುಟ್ರೆ ಈ ಮನೇಲಿ ನಿನ್ನ ಮಾತಾಡ್ಸೋರು ಯಾರು? ಗಡಿಗೇಲಿ ಏನೈತೋ ಅದ್ಕೆ ಸ್ತೋತ್ರ. ಆಮೆನ್."

ಇಷ್ಟೇ. ಊಟವೂ ಆಯಿತು. ನಿನ್ನೆ ಭಾನುವಾರ ಚರ್ಚಿಗೂ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ದಾರಿಯಲ್ಲಿ ಮೋಟಾರು ಕೆಟ್ಟು ನಿಂತಿದೆ ಎಂದು ಯಾರೋ ಅಂದಾಗ ಮಾತ್ರ ಜೋರಾಗಿ ಹಲ್ಲೆಲೂಯ ಅಂದರು. ಸದ್ಯಕ್ಕೆ ಅಷ್ಟು ಸಾಕು.

ನೀನು ಧೈರ್ಯವಾಗಿ ಹೊರಡು. ಮೋಟಾರು ಹತ್ತಿಬಿಟ್ಟೀಯೆ, ಜೋಕೆ. ನಿಮ್ಮಪ್ಪ ಗಾಡಿ ಹೂಡಿಕೊಂಡು ತಾವೇ ಸಿರಾಕ್ಕೆ ಬರುತ್ತಾರಂತೆ.

ನಿನ್ನ ದಾರಿ ಕಾಯುತ್ತಿರುವ ತಾಯಿ,
ಜ್ಞಾನಮ್ಮ

ಇನ್ನೊಂದು ಮಾತು: ಬರುವಾಗ ಗಾಡಿಯಲ್ಲಿ ಒಂದಷ್ಟು ರಾಗಿ ಹಾಕಿಕೊಂಡು ಬಾ. ಕೇಳಿದ್ದು ನಾನು ಎಂದು ಅಪ್ಪನಿಗೆ ಹೇಳಬೇಡ. ಊಟವಾಯಿತು ಎಂದು ಮೇಲೆ ಬರೆದೆನಲ್ಲ, ಆಗಲಿಲ್ಲ ಕಣಮ್ಮ. ಅವತ್ತು ಮನೆಯಲ್ಲಿ ಹಿಟ್ಟು ಮುಗಿದಿತ್ತು. ನೆರೆಯವರಿಗೆ ಒಲೆಯ ಹೊಗೆ ಕಾಣಲಿ ಎಂದು ಬರೀ ನೀರು ಕಾಯಿಸಿ ಮುಚ್ಚಿಟ್ಟಿದ್ದೆ. ಆಮೆನ್ ಅಂದ ಮೇಲೆ ನಿಮ್ಮಪ್ಪ ಮುಚ್ಚಳ ತೆಗೆದರು. ಒಳಗೆ ನೋಡುತ್ತಲೇ ಕುಳಿತರು. ಕೆಟ್ಟೆವು, ಇನ್ನು ದೇವರಿಗೂ ಇವರಿಗೂ ಮುಗಿಯಿತು ಅಂದುಕೊಂಡೆ. ಎರಡು ಲೋಟಕ್ಕೆ ಬಿಸಿನೀರು ಬಗ್ಗಿಸಿ, ಒಂದನ್ನು ನನ್ನ ಕೈಗಿಟ್ಟು ಅಂದರು: "ಕುಡಿ. ಆಮೆನ್ ಅಂದ್ಬುಟ್ಟಿವ್ನಿ, ಇನ್ನು ವಾಪಸ್ ತಗೊಳ್ಳಾಕಾಯ್ತದಾ?"