ಕೀಲಿ ಹಾಕಿದ ಸೈಕಲ್

ಖಾನಾಪುರ

ಬೆಳಗಾವಿ ವಸ್ತುಸಂಗ್ರಹಾಲಯದ ಸುಲಭಾ ಮೇಡಮ್ ಅವರಿಗೆ ಕಾಶವ್ವನ ಶರಣು.

ಚೌಕಟ್ಟಿನ ಮೇಲಿನ ನಂಬರು ನೋಡಿ, ನಮ್ಮ ಸೈಕಲ್ ಸ್ವಾತಂತ್ರ್ಯಕ್ಕೂ ಮೊದಲು ವಿಲಾಯತಿಯಿಂದ ಬಂದದ್ದೆಂದು ಗುರುತಿಸಿದಿರಿ. ಮಾವನವರು ಹೇಳುತ್ತಿದ್ದುದು ಖರೇ ಆಯಿತು. ನೀವು ಕಳಿಸಿದ ಫಲಕದ ಬರಹವನ್ನೂ ಓದಿದೆ. ಅದರಲ್ಲಿ ನಮ್ಮ ಯಜಮಾನರ ಹೆಸರಿಗೆ ಮೊದಲು ‘ದಿವಂಗತ’ ಎಂದಿದೆ. ಅದನ್ನು ತೆಗೆಯಿರಿ. ಬರೀ ‘ಉಳವಪ್ಪ, ಖಾನಾಪುರ’ ಎಂದಿದ್ದರೆ ಸಾಕು.

ನಿಮ್ಮ ಮಿಸ್ತ್ರಿ ಮಯೂರ ಫೋನ್ ಮಾಡಿದ್ದ. “ಅವ್ವಾರ, ಹಿಂದಿನ ಗಾಲಿಗೆ ಕೀಲಿ ಐತ್ರಿ. ಕೀಲಿಕೈ ಇಲ್ಲಂದ್ರ ಕೊಯ್ದು ತಗೀತೇನ್ರಿ,” ಎಂದ. ಕೊಯ್ಯಬೇಡಿ. ಕೀಲಿಕೈ ಅವರ ಅಂಗಿಯ ಕಿಸೆಯಲ್ಲಿದೆ.

ಮಗಳ ಮದುವೆಯ ಬಟ್ಟೆ ತರಲೆಂದು ಬೆಳಗಾವಿಗೆ ಹೊರಟವರು, ಸೈಕಲನ್ನು ಇಲ್ಲಿಯ ಸ್ಟೇಶನ್ನಿನಲ್ಲಿ ನಿಲ್ಲಿಸಿ ಚಹಾದಂಗಡಿಯವನಿಗೆ, “ಸಂಜಿ ಗಾಡಿಗೆ ಬರ್ತೀನಿ, ಸೈಕಲ್ ಕಡೆ ಲಕ್ಷ್ಯ ಇರ್ಲಿ,” ಎಂದಿದ್ದರಂತೆ. ಸಂಜೆಯ ಗಾಡಿ ಬಂತು, ಅವರು ಬರಲಿಲ್ಲ. ಹುಡುಕದ ಜಾಗವಿಲ್ಲ. ಕೊನೆಗೆ ಸೈಕಲನ್ನು ಎತ್ತಿಕೊಂಡೇ ಮನೆಗೆ ತಂದೆವು. ಆ ಮಗಳ ಮಗ ಈಗ ಶಾಲೆಗೆ ಹೋಗುತ್ತಾನೆ.

ಮನೆಯಲ್ಲಿದ್ದರೆ ಅದನ್ನು ನಾನೊಬ್ಬಳೇ ನೋಡುತ್ತೇನೆ. ಅವರು ಹೋದದ್ದು ಬೆಳಗಾವಿಗೆ. ಅದಕ್ಕೇ ನಿಮಗೆ ಕೊಟ್ಟೆ.

ಹೊಸ ಬಣ್ಣ ಹಚ್ಚಿಸಬೇಡಿ, ಗುರುತು ಸಿಗಲಿಕ್ಕಿಲ್ಲ. ಮಳೆಗಾಲದಲ್ಲಿ ಮಾತ್ರ ಮರೆಯದೆ ಕೀಲಿಯೊಳಗೆ ಎರಡು ಹನಿ ಎಣ್ಣೆ ಬಿಡಿಸಿ. ತುಕ್ಕು ಹಿಡಿದರೆ, ಬಂದ ದಿನ ಅವರಿಗೆ ತೆಗೆಯಲು ಬರಲಿಕ್ಕಿಲ್ಲ.

ಇಂತಿ,
ಸೌಭಾಗ್ಯವತಿ ಕಾಶವ್ವ ಉಳವಪ್ಪ