ಲೆಕ್ಕಕ್ಕೆ ಬಾರದ ಮೂರು ಇಲಿಗಳು

ತಕ್ಕಡಿ,

ಹೀಗೆ ಕರೆದು ಹನ್ನೆರಡು ವರ್ಷವಾಯಿತು. ಒಂದೊಂದು ಇಲಿಯನ್ನೂ ಎರಡೆರಡು ಸಲ ತೂಗುತ್ತೀಯೆಂದು ಲ್ಯಾಬಿನಲ್ಲಿ ನಾನೇ ಇಟ್ಟ ಹೆಸರು. ಆ ಸಲಿಗೆ ಇನ್ನೂ ಇದೆ ಎಂದುಕೊಂಡು ಬರೆಯುತ್ತಿದ್ದೇನೆ. ಇಲ್ಲವೆನ್ನಿಸಿದರೆ ಇಲ್ಲಿಗೇ ಹರಿದುಹಾಕು.

ಹೋದ ತಿಂಗಳು ರಕ್ತಪರೀಕ್ಷೆಗೆ ಬಂದಾಗ, ಪರದೆ ಸರಿಸಿ ಸಿರಿಂಜು ಹಿಡಿದು ನೀನೇ ಬರುತ್ತೀಯೆಂದು ನನಗೇನು ಗೊತ್ತು? ಗೊತ್ತಿದ್ದರೆ ಬೇರೆ ಕಡೆ ಹೋಗುತ್ತಿದ್ದೆ. ನೀನು ನನ್ನ ಮುಖ ನೋಡಿದೆ, ಚೀಟಿ ನೋಡಿದೆ. "ಖಾಲಿ ಹೊಟ್ಟೇಲಿ ಬಂದಿದ್ದೀರಾ?" ಎಂದೆ. ಬಂದಿದ್ದೀರಾ! ನಿನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವಳಿಗೆ ಬಹುವಚನ. ಒಂದೇ ಸಲಕ್ಕೆ ನರ ಹಿಡಿದೆ, ಹತ್ತಿ ಒತ್ತಿದೆ. "ನಾಲ್ಕು ಗಂಟೆಗೆ ರಿಪೋರ್ಟು. ಮುಂದಿನವರು ಬನ್ನಿ" ಎಂದೆ. ಬೈಯಲಿಲ್ಲ. ನಾಲ್ಕು ಬೈದಿದ್ದರೆ ಈ ಕಾಗದ ಬರೆಯುವ ಸಂಕಟವಾದರೂ ತಪ್ಪುತ್ತಿತ್ತು.

ಸಕ್ಕರೆ ಇನ್ನೂರ ಹದಿನಾಲ್ಕು. ಅದನ್ನು ನೋಡಿ ನಿನಗೆ ನಗು ಬಂದಿದ್ದರೆ ತಪ್ಪಿಲ್ಲ. ಸಕ್ಕರೆ ಕಾಯಿಲೆ ಹೃದಯವನ್ನು ಹೇಗೆ ಕೆಡಿಸುತ್ತದೆಂದು ಆಯುಸ್ಸೆಲ್ಲ ಬರೆದವಳಿಗೇ ಆ ಕಾಯಿಲೆ.

ಬರೆದವಳು ಎಂದೆ, ಈಗ ಬರೆಯುವುದೂ ಇಲ್ಲ, ಬರೀ ಎಣಿಸುತ್ತೇನೆ. ಸಕ್ಕರೆ ಕಾಯಿಲೆಯ ಹೃದಯದಲ್ಲಿ ಆಟೋಫೇಜಿ ಎಂಬ ವಿಷಯದ ಮೇಲೆ ಪ್ರಪಂಚದಲ್ಲಿ ಯಾರ್‍ಯಾರು ಏನೇನು ಬರೆದರು, ಯಾವ ವರ್ಷ ಎಷ್ಟು, ಯಾರು ಯಾರನ್ನು ಉಲ್ಲೇಖಿಸಿದರು, ಗಾಳಿ ಈಗ ಯಾವ ಕಡೆ ಬೀಸುತ್ತಿದೆ, ಎಲ್ಲ ಕಲೆಹಾಕಿ ನಕ್ಷೆ ಮಾಡುವುದು ನನ್ನ ಕೆಲಸ. ಆಟೋಫೇಜಿ ಎಂದರೇನೆಂದು ಹೊಸಬರು ಕೇಳಿದಾಗ ನಿನ್ನ ಮಾತನ್ನೇ ಹೇಳುತ್ತೇನೆ: "ಜೀವಕೋಶ ತನ್ನೊಳಗಿನ ಹಾಳುಮೂಳನ್ನ ತಾನೇ ತಿಂದು ಮನೆ ಚೊಕ್ಕಟ ಇಟ್ಕೊಳ್ಳುತ್ತೆ, ಅಷ್ಟೇ ಕಣ್ರೋ." ಯಾರ ಮಾತೆಂದು ಮಾತ್ರ ಹೇಳುವುದಿಲ್ಲ.

ನಕ್ಷೆಯಲ್ಲಿ ಹೆಚ್ಚು ಉಲ್ಲೇಖವಾದ ಪ್ರಬಂಧಕ್ಕೆ ದೊಡ್ಡ ವೃತ್ತ. ಔಷಧಿಗಳ ಗುಂಪಿನ ನಟ್ಟನಡುವೆ, ತಟ್ಟೆಯಷ್ಟಗಲ ಕೂತಿರುವುದು ನಮ್ಮ ಪ್ರಬಂಧ. ನಮ್ಮದೇನು ಬಂತು? ಲ್ಯಾಬ್ ನಡೆಸುತ್ತಿದ್ದ ಸರ್ ಹೆಸರು, ನನ್ನ ಹೆಸರು. ನಿನ್ನದಿಲ್ಲ.

ಆಟೋಫೇಜಿ ಹೆಚ್ಚಿಸಲೆಂದು ಔಷಧಿ ಕೊಟ್ಟ, ಸಕ್ಕರೆ ಕಾಯಿಲೆಯ ಹದಿನೈದು ಇಲಿಗಳಲ್ಲಿ ಮೂರು ಹತ್ತನೇ ವಾರ ಸತ್ತವು. ಉಳಿದವುಗಳ ಹೃದಯದಲ್ಲಿ ಆಟೋಫೇಜಿಯ ಗುರುತಿನ ಪ್ರೋಟೀನು ಏರಿತ್ತು. "ನೋಡಿದ್ರಾ, ಒಳಗೆ ಶುದ್ಧಿ ಜೋರಾಗಿ ನಡೀತಿದೆ!" ಎಂದು ಸರ್ ಮೇಜು ಕುಟ್ಟಿದರು. ನೀನು ಎದ್ದು ನಿಂತೆ. "ಸರ್, ಬೀದೀಲಿ ಕಸದ ಗಾಡಿ ಜಾಸ್ತಿ ಕಾಣ್ತಿವೆ ಅಂದ್ರೆ ಕಸ ಹೋಗ್ತಿದೆ ಅಂತಲ್ಲ. ಮುಂದೆ ಹೋಗೋಕಾಗ್ದೆ ನಿಂತಿರಬಹುದು. ಇನ್ನೊಂದು ಪರೀಕ್ಷೆ ಮಾಡೋಣ, ಆರು ವಾರ ಕೊಡಿ. ಆ ಮೂರು ಯಾಕೆ ಸತ್ತವು ಅಂತ ಗೊತ್ತಾಗಬೇಕಲ್ವಾ?"

"ಆರು ವಾರದಲ್ಲಿ ಬೇರೆಯವರು ಪ್ರಕಟಿಸ್ತಾರೆ. ಇಲಿ ಸಾಯ್ತವೆ ಕಣಮ್ಮ, ಅದಕ್ಕೇ ಇಲಿ ತರೋದು" ಎಂದು ನಕ್ಕ ಸರ್ ನನ್ನ ಕಡೆ ತಿರುಗಿದರು. "ನೀನೇನಂತೀಯ?"

ನನ್ನ ನೇಮಕದ ಪತ್ರ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ನಾನು ನೆಲ ನೋಡುತ್ತಾ ಅಂದೆ: "ಸೋಂಕಿರಬಹುದು ಸರ್."

ಆ ಮೂರು ಸತ್ತ ದಿನವೇ ಅವನ್ನು ನಾವಿಬ್ಬರೂ ಕೊಯ್ದು ನೋಡಿದ್ದೆವು. ಹೃದಯ ಹಿಗ್ಗಿ ಜೋತುಬಿದ್ದಿತ್ತು. ನೀನು ನನ್ನನ್ನು ನೋಡಿದ ನೋಟ, ಬಿಡು. ಆ ಮಧ್ಯಾಹ್ನವೇ ಪಟ್ಟಿಯಿಂದ ಮೂರು ಸಾಲು ಅಳಿಸಿದೆ. ಪ್ರಬಂಧಕ್ಕೆ ಹೆಸರು ಹಾಕಲು ನೀನು ಒಪ್ಪಲಿಲ್ಲ. ಹೊಂದಿಕೊಂಡು ಹೋಗುವವಳಲ್ಲ ಎಂದು ಬರೆದು ನಿನ್ನನ್ನು ಹೊರಗೆ ಹಾಕಿದರು. ನೀನು ರಟ್ಟಿನ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಯುವಾಗ ನಾನು ತೊಳೆದ ಗಾಜಿನ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಹಟಮಾರಿ, ಬದುಕುವ ದಾರಿ ಗೊತ್ತಿಲ್ಲ ಎಂದು ನಿನ್ನ ಬಗ್ಗೆ ಎಲ್ಲರಿಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ನಂಬಿಯೂ ಬಿಟ್ಟೆ.

ಈಗ ಗಾಳಿ ತಿರುಗಿದೆ. ಆಟೋಫೇಜಿ ಏರಿದಂತೆ ಕಂಡರೆ ಸಾಲದು, ಅದು ಕೊನೆಮುಟ್ಟುತ್ತಿದೆಯೇ ನೋಡಬೇಕು. ಕಾಯಿಲೆ ಯಾವ ಬಗೆಯದು, ಯಾವ ಹಂತದ್ದು ಎಂಬುದರ ಮೇಲೆ ಒಳಿತೂ ಆಗಬಹುದು, ಕೆಡುಕೂ ಆಗಬಹುದು. ಐದಾರು ವರ್ಷದಿಂದ ಪ್ರಬಂಧದ ಮೇಲೆ ಪ್ರಬಂಧ. ನೀನು ಎದ್ದು ನಿಂತು ಹೇಳಿದ್ದನ್ನೇ 'ಹೊಸ ಒಲವು' ಎಂಬ ತಲೆಬರಹದಡಿ ನಾನು ಬರೆಯಬೇಕಿತ್ತು.

ಅದನ್ನೂ ಬರೆದು ಸುಮ್ಮನಾಗುತ್ತಿದ್ದೆನೇನೋ. ಆದರೆ ಆ ಔಷಧಿ ಮನುಷ್ಯರ ತನಕ ಹೋಗಿತ್ತು. ನಲವತ್ತು ರೋಗಿಗಳ ಪ್ರಯೋಗ, ಅರ್ಧಕ್ಕೇ ನಿಲ್ಲಿಸಿದ್ದಾರೆ. ದಾಖಲೆಯಲ್ಲಿ ಕಾರಣದ ಜಾಗದಲ್ಲಿ ಒಂದು ಸಾಲು: ಕೆಲವರ ಹೃದಯದ ಸ್ಥಿತಿ ಬಿಗಡಾಯಿಸಿದ್ದರಿಂದ. ಎಷ್ಟು ಜನ, ಉಳಿದರೋ ಹೋದರೋ, ಬರೆದಿಲ್ಲ. ಎಣಿಸುವುದೇ ಕಸುಬಾದ ನನಗೆ ಆ ಒಂದು ಸಂಖ್ಯೆ ಎಷ್ಟು ತಡಕಿದರೂ ಸಿಗಲಿಲ್ಲ.

ನಿನ್ನ ಕೈಗೆ ರಕ್ತ ಕೊಟ್ಟು ಬಂದ ವಾರವೇ, ನಮ್ಮ ಪ್ರಬಂಧ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಗೆ ಬರೆದೆ. ಮೂರು ಇಲಿಗಳನ್ನು ಪಟ್ಟಿಯಿಂದ ತೆಗೆದಿದ್ದೇವೆ, ತೆಗೆದವಳು ನಾನು ಎಂದು. ನಿವೃತ್ತರಾದ ಸರ್ ಫೋನ್ ಮಾಡಿ, "ಮೂರು ಇಲಿಗೋಸ್ಕರ ನನ್ನ ಮಾನ ಕಳೀತೀಯೇನಮ್ಮ? ನಿಂಗೇನು ಕಮ್ಮಿ ಮಾಡಿದ್ದೆ ನಾನು?" ಎಂದರು. ಅದೂ ನಿಜ, ನನಗೇನೂ ಕಮ್ಮಿ ಮಾಡಿರಲಿಲ್ಲ. ಸಂಸ್ಥೆಯ ನಿರ್ದೇಶಕರು ನಕ್ಷೆಯ ಕೆಲಸ ಬೇರೆಯವರಿಗೆ ಕೊಟ್ಟರು.

ಇಲಿಗಳನ್ನು ಕಂಡವರು ಇನ್ಯಾರಿದ್ದರು ಎಂದು ಪತ್ರಿಕೆಯವರು ಕೇಳಿದರು. ನಿನ್ನ ಹೆಸರು ಕೊಡಲಿಲ್ಲ. ಕೊಟ್ಟಿದ್ದರೆ ನನ್ನ ಮಾತಿಗೆ ಸಾಕ್ಷಿ ಸಿಗುತ್ತಿತ್ತು. ಆದರೆ ಒಮ್ಮೆ ಆ ಮೇಜಿನ ಮುಂದೆ, ನಿನ್ನನ್ನು ಕೇಳದೆ, ನಿನ್ನ ಬದುಕನ್ನು ಎರಡೇ ಪದದಲ್ಲಿ ಮುಗಿಸಿದವಳು ನಾನು. ಮತ್ತೆ ನಿನ್ನನ್ನು ಬಳಸಿಕೊಳ್ಳಲು ಮನಸ್ಸು ಬರಲಿಲ್ಲ.

ಮೊನ್ನೆ ಉತ್ತರ ಬಂತು: ಪುರಾವೆ ಸಾಲದು, ಪ್ರಬಂಧ ಹಾಗೆಯೇ ಉಳಿಯುತ್ತದೆ. ಈ ಬೆಳಿಗ್ಗೆ ನೋಡಿದೆ, ಈ ತಿಂಗಳು ಇನ್ನಿಬ್ಬರು ಅದನ್ನು ಉಲ್ಲೇಖಿಸಿದ್ದಾರೆ.

ಸೋಂಕಿರಲಿಲ್ಲ ಕಣೇ. ನನಗೆ ಅವತ್ತೇ ಗೊತ್ತಿತ್ತು. ಇದನ್ನು ಪ್ರಪಂಚ ಕೇಳಲಿಲ್ಲ, ನೀನಾದರೂ ನನ್ನ ಬಾಯಿಂದಲೇ ಕೇಳಬೇಕೆಂದು ಬರೆದೆ. ಕ್ಷಮಿಸೆಂದು ಕೇಳುವುದಿಲ್ಲ, ಕೇಳಿದರೆ ಅದೂ ನನಗಾಗಿಯೇ ಆಗುತ್ತದೆ.

ನನ್ನಂಥವಳ ಸ್ನೇಹ ಇನ್ನೊಮ್ಮೆ ನಿನ್ನ ಪಾಲಿಗೆ ಬಾರದಿರಲಿ. ನೂರು ಕಾಲ ಗಟ್ಟಿಯಾಗಿರು.

ಅವತ್ತು ನಿನ್ನ ಪಕ್ಕದಲ್ಲಿ ನಿಲ್ಲದವಳು