ಎರಡನೇ ಹೆಬ್ಬೆಟ್ಟು

ಮೂರನೇ ಕಲ್ಲೋಣಿ, ಗುಳೇದಗುಡ್ಡ
ಫೆಬ್ರವರಿ ೩೦, ೨೨೧೯

ವಿಶಾಲಾಕ್ಷಿ ಅಜ್ಜಿಯವರಿಗೆ ನೀಲಗಂಗಾ ಮಾಡುವ ನಮಸ್ಕಾರ.

ತಾರೀಖು ನೋಡಿ, ಇದು ಯಾರದೋ ಕುಚೇಷ್ಟೆ ಎಂದು ಪತ್ರವನ್ನು ಬದಿಗಿಡಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೇ ದಿನವೇ ಇರಲಿಲ್ಲವೆಂದು ಬಲ್ಲೆ. ಆಮೇಲೆ ಬಂದವರು ತಿಂಗಳುಗಳನ್ನೆಲ್ಲ ಸರಿಸಮ ಮಾಡಿದರು. ಅದರಿಂದ ಯಾರಿಗೆ ಏನು ಸುಖವಾಯಿತೋ ದೇವರೇ ಬಲ್ಲ. ಇಪ್ಪತ್ತಾರು ವರ್ಷದ ನಿಮ್ಮನ್ನು ಅರವತ್ತೆಂಟರ ನಾನು ಅಜ್ಜಿ ಎಂದು ಕರೆಯುವುದನ್ನೂ ಮನ್ನಿಸಬೇಕು. ನಡುವೆ ಏಳು ತಲೆಮಾರು ಕೂತಿವೆ, ಬೇರೆ ಏನೆಂದು ಕರೆಯಲಿ? ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಈ ಪತ್ರವನ್ನು ತರುವುದು ಹಿಂದಂಚೆ. ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಪತ್ರ. ಅದೂ ನೂರು ವರ್ಷಕ್ಕಿಂತ ಈಚೆಗೆ ಹೋಗುವುದಿಲ್ಲ. ಯಾಕೆಂದು ಕೇಳಿದರೆ ಅಂಚೆಯವರು ಗೋಡೆಯ ಮೇಲಿನ ಕಾಯಿದೆ ತೋರಿಸುತ್ತಾರೆ. ಈಚೆಗೆ ಹೋಗುವಂತಿದ್ದರೆ, ಅಜ್ಜಿ, ಸುಳ್ಳೇಕೆ ಹೇಳಲಿ, ಈ ಪತ್ರ ನಿಮಗೆ ಬರುತ್ತಿರಲಿಲ್ಲ. ಮೂರು ತಿಂಗಳ ಹಿಂದಿನ ನನ್ನ ಗೆಳತಿ ಮಾಬೂಬಿಗೆ ಹೋಗುತ್ತಿತ್ತು. ಅದರಲ್ಲಿ ಎರಡೇ ಪದ ಇರುತ್ತಿದ್ದವು.

ನಮ್ಮ ಊರು ಈಗ ಗುಡ್ಡದ ಮೇಲಿಲ್ಲ, ಗುಡ್ಡದ ಒಳಗಿದೆ. ಕೆಂಪು ಕಲ್ಲನ್ನು ಕೊರೆದು ಓಣಿ ಮಾಡಿಕೊಂಡಿದ್ದೇವೆ, ಅವೇ ಕಲ್ಲೋಣಿಗಳು. ಬೆಳಿಗ್ಗೆ ಹತ್ತಕ್ಕೆ ಗಂಟೆ ಬಾರಿಸಿದರೆ ಬಿಸಿಲುಮುಚ್ಚು, ಸಂಜೆ ಐದರವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಖಣ ನೇಯುವ ಮಗ್ಗಗಳು ಇನ್ನೂ ಇವೆ. ಮಗ್ಗದ ಕೆಳಗೆ ಬಿದ್ದ ನೂಲಿನ ಚೂರುಗಳನ್ನು ನೆನೆಸಿ, ಕುಟ್ಟಿ, ಕಾಗದ ಮಾಡುತ್ತೇವೆ. ಅದು ಸಾಕಷ್ಟು ಸಿಗುವುದಿಲ್ಲ. ಅದಕ್ಕೇ ಅರ್ಧಕ್ಕೆ ನಿಂತ ಚಿತ್ರವಿದ್ದರೆ ವರ್ಷದ ಕೊನೆಗೆ ಅದನ್ನು ಮತ್ತೆ ನೀರಿಗೆ ಹಾಕಿ ಕುಟ್ಟಿಬಿಡುವುದು ನಮ್ಮ ರೂಢಿ. ಚಿತ್ರ ಬಿಡಿಸುವ ಯಂತ್ರಗಳು ನಿಮ್ಮಲ್ಲಿ ಈಗಷ್ಟೇ ಬಂದಿರಬೇಕು. ನಮ್ಮಲ್ಲೂ ಇದ್ದವು. ಅವು ಕಣ್ಣು ಮಿಟುಕಿಸುವುದರೊಳಗೆ ಮುಗಿಸಿಯೇ ಕೊಡುತ್ತಿದ್ದವು, ಎಲ್ಲವನ್ನೂ. ಎರಡು ತಲೆಮಾರು ಹಾಗೆ ಕಳೆದ ಮೇಲೆ ಒಂದು ಚಿತ್ರವನ್ನು ಕೈಯಾರೆ ಮುಗಿಸುವುದು ಹೇಗೆಂಬುದೇ ಜನಕ್ಕೆ ಮರೆತುಹೋಯಿತು.

ಆಗ ನನ್ನ ಅಜ್ಜಿಗೆ ನಿಮ್ಮ ಟ್ರಂಕು ಸಿಕ್ಕಿತು. ಹೌದು, ಮಂಚದ ಕೆಳಗಿದೆಯಲ್ಲ, ಚಿಲಕ ಮುರಿದದ್ದು, ಅದೇ. ಒಳಗೆ ಅರವತ್ತಮೂರು ಚಿತ್ರಗಳು. ಕಣ್ಣಿಲ್ಲದ ಮದುಮಗಳು. ಮೂರೇ ಕಾಲಿನ ನಾಯಿ. ಸೂರೇ ಇಲ್ಲದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ಜನ. ಎಂಥ ಗೆರೆ ಅಜ್ಜಿ ನಿಮ್ಮದು! ಒಂದನ್ನಾದರೂ ಮುಗಿಸಬಾರದಿತ್ತೇ? ನಾಯಿಯ ಚಿತ್ರದ ಅಂಚಿಗೆ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದೀರಿ: “ರೇವತಿಗೆ ತೋರಿಸಬೇಕು. ಈಗ ಬೇಡ, ಮುಗಿದ ಮೇಲೆ.” ರೇವತಿ ನಿಮ್ಮ ಗೆಳತಿಯಿರಬೇಕು. ಅದನ್ನು ಓದಿ ನನ್ನ ಅಜ್ಜಿ ಹಣೆ ಹಣೆ ಬಡಿದುಕೊಂಡಳಂತೆ. “ಮುಗದ ಮ್ಯಾಲೆ ತೋರಸ್ತೀನಿ ಅಂದಾಕಿದು ಮುಗಿಯೂದ ಹೆಂಗ? ತೋರಿಸಿದ್ರ ಮುಗೀತಿತ್ತು!” ಎಂದಳಂತೆ. ನಮ್ಮ ಕೂಟ ಹುಟ್ಟಿದ್ದು ಆ ಮಾತಿನಿಂದ.

ಕೂಟದ ಕಟ್ಟಳೆ ಹೇಳುತ್ತೇನೆ. ಪ್ರತಿ ಗುರುವಾರ ಬಿಸಿಲುಮುಚ್ಚಿನಲ್ಲಿ ಸೇರುವುದು. ಚಿತ್ರ ಎಲ್ಲಿಗೆ ಬಂದಿದೆಯೋ ಅಲ್ಲಿಗೇ ತಂದು ನಡುವೆ ಇಡುವುದು. ಉಳಿದವರು ಒಬ್ಬೊಬ್ಬರೂ ಒಂದೇ ಮಾತು ಹೇಳಬೇಕು, ಎರಡಲ್ಲ. ಹತ್ತು ಹೇಳಿದರೆ ಬಿಡಿಸುವವಳು ಹೆದರಿ ಮತ್ತೆ ಟ್ರಂಕಿಗೆ ಹಾಕುತ್ತಾಳೆ. ಬಿಡಿಸಿದವರು ಬಾಯಿ ಬಿಡುವಂತಿಲ್ಲ, ಸಮಜಾಯಿಷಿ ಕೊಡುವಂತಿಲ್ಲ, ಹೊರಗೆ ಓಣಿಯಲ್ಲಿ ಸಿಕ್ಕಾಗಲೂ ಆ ಚಿತ್ರದ ಬಗ್ಗೆ ಆಡುವಂತಿಲ್ಲ. ಕೇಳಿಸಿಕೊಂಡು, ತಿದ್ದಿ, ಮುಂದಿನ ಗುರುವಾರ ತರಬೇಕು. ತನ್ನ ಚಿತ್ರ ಮುಗಿಯಿತೆಂದು ಯಾರೂ ತಾವೇ ಹೇಳಿಕೊಳ್ಳುವಂತಿಲ್ಲ. ಕೂಟದ ಉಳಿದವರು ಒಪ್ಪಿದಾಗ ಚಿತ್ರದ ಬೆನ್ನಿಗೆ ಹೆಬ್ಬೆಟ್ಟು ಒತ್ತಿ, “ಮುಗೀತು, ತಗೋ” ಎನ್ನಬೇಕು. ಬಿಡಿಸಿದವರು “ತಗೊಂಡೆ” ಎನ್ನಬೇಕು. ಆಗ ಅದು ಮುಗಿದ ಚಿತ್ರ. ಶಾಲೆಯ ಮಕ್ಕಳ ಓದುಪುಸ್ತಕಕ್ಕೆ ಹೋಗುತ್ತದೆ.

ನಮ್ಮ ಕೂಟದಲ್ಲಿ ಮೂವರು: ನಾನು, ಅಡಿವೆಪ್ಪ ಮಾಸ್ತರು, ಮಾಬೂಬಿ. ಮಾಸ್ತರು ಹನ್ನೊಂದು ವರ್ಷದಿಂದ ಒಂದೇ ಎಮ್ಮೆಯನ್ನು ಬಿಡಿಸುತ್ತ ಕೂತಿದ್ದವರು. ಮೊದಲ ಗುರುವಾರವೇ ಮಾಬೂಬಿ, “ಮಾಸ್ತರ, ನಿಮ್ಮ ಎಮ್ಮಿ ಛಲೋ ಐತ್ರೀ, ಆದ್ರ ಕಾಲಾಗ ನೆಲಾನ ಇಲ್ಲಲ್ರೀ, ಎಲ್ಲಿ ನಿಂತೈತಿ ಪಾಪ?” ಎಂದಳು. ಮಾಸ್ತರು ಮುಂದಿನ ವಾರ ಒಂದು ಗೆರೆ ನೆಲ, ನಾಲ್ಕು ಕಡ್ಡಿ ಹುಲ್ಲು ಹಾಕಿ ತಂದರು. ಎಮ್ಮೆ ಮುಗಿಯಿತು. ಆಮೇಲೆ ಅವರು ತಿಂಗಳಿಗೊಂದು ಚಿತ್ರ ಮುಗಿಸಿದ್ದಾರೆ. ನನಗೂ ಹಾಗೇ ಅಭ್ಯಾಸವಾಯಿತು: ಗುರುವಾರ ತೋರಿಸಬೇಕು ಎಂಬ ಒಂದು ಅಳುಕಿದ್ದರೆ ಬುಧವಾರ ಕೈ ತಾನಾಗಿ ಕುಂಚ ಹಿಡಿಯುತ್ತದೆ. ಮಾಬೂಬಿಯ ಮಾತು ಹಾಗೆ ಇರುತ್ತಿತ್ತು, ನಗಿಸಿ ಮುಗಿಸುವಂಥದ್ದು. ನನ್ನದು ಖಾರ. ಖಾರವೆಂಬ ಹೆಮ್ಮೆಯೂ ಇತ್ತು ನನಗೆ, ಅದನ್ನೇಕೆ ಮುಚ್ಚಿಡಲಿ.

ಕಳೆದ ವರ್ಷ ಓದುಪುಸ್ತಕದ ಕೊನೆಯ ಪುಟಕ್ಕೆಂದು ಮಾಬೂಬಿ ರೊಟ್ಟಿ ಬಡಿಯುವ ಹೆಂಗಸಿನ ಚಿತ್ರ ತಂದಳು. ಮುಖ ಪೂರ್ತಿ ಕಾಣದಂತೆ ತಲೆ ಬಗ್ಗಿಸಿ ಕೂತವಳು. ಕಲ್ಲಿನ ಮೇಲೆ ಹಿಟ್ಟು, ಬಲಗೈ ಬಡಿಯುತ್ತದೆ, ಎಡಗೈ ರೊಟ್ಟಿ ತಿರುಗಿಸುತ್ತದೆ. ಮಾಸ್ತರು ನೋಡಿದವರೇ ಹೆಬ್ಬೆಟ್ಟು ಒತ್ತಿದರು. ನಾನು ಒತ್ತಲಿಲ್ಲ. ಎಡಗೈಯ ಬೆರಳುಗಳು ಗೆಣ್ಣಿನಲ್ಲಿ ಬಾತು, ಒಂದರ ಮೇಲೊಂದು ಓರೆಯಾಗಿದ್ದವು. “ಇಂಥಾ ಸೊಟ್ಟ ಕೈಲೆ ಯಾವಾಕಿ ರೊಟ್ಟಿ ಬಡೀತಾಳ? ಕೈ ತಿದ್ದು” ಎಂದೆ. ಅವಳು ಕಟ್ಟಳೆಯಂತೆ ಸುಮ್ಮನಿದ್ದಳು. ಮುಂದಿನ ಗುರುವಾರ ತಂದಳು. ಕೈ ಹಾಗೇ ಇತ್ತು. ಅದೇ ಮಾತು ಹೇಳಿದೆ. ಅದರ ಮುಂದಿನ ವಾರವೂ. ಹೀಗೆ ಏಳು ಗುರುವಾರ. ಕೆರೆದು ಕೆರೆದು ಕಾಗದ ಅಲ್ಲಿ ತೆಳ್ಳಗಾಗಿತ್ತು, ಬೆರಳು ಮಾತ್ರ ಮತ್ತೆ ಅದೇ ಸೊಟ್ಟ. ಎಂಥ ಮೊಂಡಿ ಎಂದು ನನಗೆ ಸಿಟ್ಟು. ಏಳನೆಯ ಸಲ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವಳು, “ಮುಂದಿನ ವಾರರ ಆಗ್ತೈತೇನ್ರೀ ಯಕ್ಕಾ?” ಎಂದು ಕೇಳಿದಳು. ಕೇಳಬಾರದಿತ್ತು, ಕಟ್ಟಳೆ ಮೀರಿ ಕೇಳಿದಳು. ನಾನು, “ಯಾಕವಾ ಅವಸರ? ತಾಳಿದಾಕಿ ಬಾಳ್ಯಾಳು” ಎಂದೆ.

ಮಂಗಳವಾರ ಬೆಳಿಗ್ಗೆ ಅವಳು ಏಳಲಿಲ್ಲ. ಎದೆಯ ಬೇನೆ ಇತ್ತಂತೆ, ಒಂದು ವರ್ಷದಿಂದ. ನಮಗೆ ಹೇಳಿರಲಿಲ್ಲ.

ನಲವತ್ತನೇ ದಿನದ ಫಾತೆಹಾ ಮುಗಿದ ಮೇಲೆ ಅವಳ ಮಗಳು ಜೈನಬಿ ಆ ಚಿತ್ರವನ್ನೂ ಒಂದು ಕಟ್ಟು ಚೂರು ಕಾಗದಗಳನ್ನೂ ತಂದು ನನ್ನ ಮುಂದಿಟ್ಟಳು. ಚೂರುಗಳ ತುಂಬ ಒಂದೇ ಕೈ. ಹಿಟ್ಟು ಮೆತ್ತಿದ ಕೈ, ಹಿಟ್ಟು ಒರೆಸಿಕೊಂಡ ಕೈ, ತಾಟು ಮುಂದೆ ಸರಿಸುವ ಕೈ. ಒಂದೊಂದರ ಕೆಳಗೂ ಮಾಬೂಬಿಯ ಸಣ್ಣ ಅಕ್ಷರದಲ್ಲಿ ಒಂದು ಗುರುವಾರದ ತಾರೀಖು, ಮತ್ತು “ನೀಲಗಂಗಕ್ಕನ ಎಡಗೈ” ಎಂದು. ಜೈನಬಿ ಹೇಳಿದಳು: “ಅಮ್ಮಾಗ ನಾ ಭಾಳ ಹೇಳಿದೆ ದೊಡ್ಡವ್ವಾ, ಅದು ನಿಮ್ಮ ಕೈ ಅಂತ ಹೇಳಿಬಿಡು ಅಂತ. ‘ಹೇಳಾಕ ಬರಂಗಿಲ್ಲ, ಕಟ್ಟಳಿ ಐತಿ. ಯಕ್ಕಾ ತಾನ ಗುರ್ತ ಹಿಡೀತಾಳ ತಡಿ’ ಅಂತಿದ್ಲು.”

ಅಜ್ಜಿ, ಮೂವತ್ತು ವರ್ಷ ಪ್ರತಿ ಗುರುವಾರ ಕೂಟಕ್ಕೆ ರೊಟ್ಟಿ ಬಡಿದವಳು ನಾನೇ. ಅವಳು ಎದುರಿಗೆ ಕೂತು ಬಿಸಿ ರೊಟ್ಟಿಗೆ ಕೈ ಚಾಚುತ್ತಿದ್ದಳು. ನಾನು ಚಿತ್ರದ ಪಕ್ಕಕ್ಕೆ ನನ್ನ ಎಡಗೈ ಇಟ್ಟೆ. ಅದೇ ಗೆಣ್ಣು, ಅದೇ ಬಾವು, ಕಿರುಬೆರಳು ಅದೇ ಕಡೆಗೆ ಓರೆ. ಯಾವಾಗ ಹಾಗಾಯಿತೋ ನನಗೆ ತಿಳಿಯದು. ತನ್ನ ಕೈಯನ್ನು ಯಾರು ನೋಡಿಕೊಳ್ಳುತ್ತಾರೆ? ಊರಿನ ಗೆರೆಗಳನ್ನೆಲ್ಲ ತಿದ್ದಿದ ನನ್ನ ಕಣ್ಣಿಗೆ ನನ್ನ ಕೈಯೇ ಕಾಣಲಿಲ್ಲವಲ್ಲ. ಜೈನಬಿಯ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತೆ. ತಾಯಿಯನ್ನು ಕಳೆದುಕೊಂಡ ಅವಳೇ ನನ್ನ ಬೆನ್ನು ಸವರಬೇಕಾಯಿತು.

ಮುಂದಿನ ಗುರುವಾರ ಮಾಸ್ತರು, “ಒತ್ತಿ ಬಿಡು ನೀಲಗಂಗಾ, ಯಾರ್ ಕೇಳ್ತಾರ?” ಎಂದರು. ಬೆರಳಿಗೆ ಮಸಿ ಮಾಡಿಕೊಂಡು ಎಡಗೈಯ ಹೆಬ್ಬೆಟ್ಟನ್ನೇ ಒತ್ತಿದೆ. ಅವಳು ಕೂರುತ್ತಿದ್ದ ಚಾಪೆಯ ಕಡೆ ನೋಡಿ, “ಮುಗೀತು, ತಗೋ” ಎಂದೆ. ಮಾಸ್ತರು ಗೋಡೆಯ ಕಡೆ ತಿರುಗಿ ಕೂತರು. “ತಗೊಂಡೆ” ಎನ್ನುವವರು ಇಲ್ಲದೆ ಹೆಬ್ಬೆಟ್ಟು ಹೆಬ್ಬೆಟ್ಟಲ್ಲ. ಓದುಪುಸ್ತಕದ ಕೊನೆಯ ಪುಟ ಖಾಲಿಯೇ ಹೋಯಿತು. ಚಿತ್ರವನ್ನು ಕುಟ್ಟಲು ಮಾತ್ರ ನಾನು ಬಿಡಲಿಲ್ಲ. ನಿಮ್ಮ ಟ್ರಂಕಿನಲ್ಲಿ, ಮೂರು ಕಾಲಿನ ನಾಯಿಯ ಮೇಲೆ ಇಟ್ಟಿದ್ದೇನೆ. ಅರವತ್ತನಾಲ್ಕನೆಯದು.

ಈಗ ನಿಮ್ಮಲ್ಲಿ ಬೇಡಿಕೊಳ್ಳುವುದಿಷ್ಟು. ಈ ಗುರುವಾರ ಆ ನಾಯಿಯನ್ನು ರೇವತಿಯ ಬಳಿಗೆ ಒಯ್ಯಿರಿ, ಮೂರೇ ಕಾಲಿದ್ದರೂ ಸರಿ. ಅವಳು ಒಂದು ಮಾತು ಹೇಳಲಿ. ನೀವು ನಾಲ್ಕನೆಯ ಕಾಲು ಬಿಡಿಸಿ, ಮತ್ತೆ ಒಯ್ಯಿರಿ. ಹಾಗೆ ಮಾಡಿದರೆ ಟ್ರಂಕಿನಲ್ಲಿ ಒಂದು ಕಡಿಮೆಯಾದೀತು, ನಮ್ಮ ಕೂಟವೇ ಹುಟ್ಟದೆ ಹೋದೀತು ಎಂದು ಮಾಸ್ತರು ಹೆದರುತ್ತಾರೆ. ಹೋಗಲಿ ಬಿಡಿ. ಆದರೆ ರೇವತಿಯೂ ಒಂದು ದಿನ ತನ್ನದೇನನ್ನೋ ನಿಮ್ಮ ಮುಂದೆ ಇಟ್ಟಾಳು. ಆಗ ಸೊಟ್ಟ ಕಂಡದ್ದು ನಿಜಕ್ಕೂ ಸೊಟ್ಟವೋ ಎಂದು ಎರಡು ಸಲ ನೋಡಿ. ಯಾಕೆ ಹೀಗೆ ಎಂದು ಬಾಯಿಬಿಟ್ಟು ಕೇಳಿ. ಬಿಡಿಸಿದವರು ಬಾಯಿ ಬಿಡಬಾರದೆಂಬ ಕಟ್ಟಳೆಯನ್ನು ನಾವು ಈಗ ತೆಗೆದುಹಾಕಿದ್ದೇವೆ.

ಈ ಪತ್ರವನ್ನು ನಾನು ಯಾರಿಗೂ ತೋರಿಸಿಲ್ಲ. ತೋರಿಸಬೇಕಾದವಳಿಲ್ಲ. ನಾನೇ ಬರೆದದ್ದನ್ನು ಮುಗಿಯಿತು ಎಂದು ನಾನೇ ಹೇಳುವಂತೆಯೂ ಇಲ್ಲ. ಓದಿದ ಮೇಲೆ ಇದರ ಬೆನ್ನಿಗೆ ನಿಮ್ಮ ಹೆಬ್ಬೆಟ್ಟು ಒತ್ತಿ, ಒಂದು ಸಲ ಗಟ್ಟಿಯಾಗಿ ಹೇಳಿ ಅಜ್ಜಿ. ನನಗೆ ಕೇಳಿಸಲಿಕ್ಕಿಲ್ಲ. ಆದರೂ ಉತ್ತರವನ್ನು ಮೊದಲೇ ಬರೆದಿಟ್ಟಿದ್ದೇನೆ.

ತಗೊಂಡೆ.

ನೀಲಗಂಗಾ